ಮಸಾಲೆ ಡಬ್ಬಿಯಲ್ಲಿಟ್ಟ ಪಿನ್ನುಗಳು

ಬಂದೂಕಿನ ಅಂಗಡಿಯ ಸೊಸೆ ಎಂದರೆ ಜನ ಮೊದಲು ನನ್ನ ಹಣೆಯ ವಿಭೂತಿ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ. ಅವರ ತಪ್ಪಿಲ್ಲ. ಮದುವೆಯಾಗಿ ವಿಜಯಪುರದಿಂದ ಮುಂಬಯಿಯ ಬೈಕುಲ್ಲಾಕ್ಕೆ ಬಂದಾಗ ನನಗೂ ಇದು ಅರ್ಥವಾಗಿರಲಿಲ್ಲ. ಅಡುಗೆಮನೆಗೆ ತತ್ತಿ ಕೂಡ ಬಾರದ ಮನೆ. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮಾವನವರು. ಅವರೇ ಪೂಜೆ ಮುಗಿಸಿ, ಮೆಟ್ಟಿಲಿಳಿದು, ಶಟರ್ ಎತ್ತಿ, ಬಂದೂಕು ಮತ್ತು ಕಾಡತೂಸು ಮಾರಲು ಕೂರುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ಅತ್ತೆಯವರನ್ನು ಕೇಳಿಯೇಬಿಟ್ಟೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ವೀರಭದ್ರನ ಕೈಯಾಗ ಏನ್ ಹೂವಿನ ಮಾಲಿ ಅದ ಅಂತ ತಿಳಿದಿಯೇನು?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ನನ್ನ ಮೊಣಕಾಲು ಮೆಟ್ಟಿಲಿಗೆ ಒಪ್ಪುವುದಿಲ್ಲ. ಬೊರಿವಲಿಯಲ್ಲಿ ಮೈದುನನ ಮನೆ ಸೇರಿದ್ದೇನೆ. ಅವನ ಮಗಳು ಸ್ವರೂಪಾ ಈ ಶ್ರಾವಣದಿಂದ ಅಂಗಡಿಯಲ್ಲಿ ಕೂರುತ್ತಾಳೆ. ಕೂರುವ ಮೊದಲು ಕೆಲಸ ಹೇಗಿರುತ್ತದೆ ಹೇಳಿ ಎಂದು ಕೇಳಿದಳು. ಮಾತಿನಲ್ಲಿ ಹೇಳಿದರೆ ಅವಳ ಫೋನು ನಡುವೆ ನಡುವೆ ಕೂಗುತ್ತದೆ. "ದೊಡ್ಡವ್ವ, ಲೈಸೆನ್ಸ್, ಪೋರ್ಟಲ್, ಓ ಸಬ್ ನನಗೆ ಬರ್ತದೆ. ಬಾಕೀ ಕಾ ನೀವು ಬರೀರಿ ನಾ. ಪಪ್ಪಾ ಓದಿ ಹೇಳ್ತಾರೆ" ಎಂದಳು. ಆ ಬಾಕಿಯದನ್ನೇ ಬರೆಯುತ್ತಿದ್ದೇನೆ. ಸ್ವರೂಪಾ, ಪೋರ್ಟಲ್ಲಿನಲ್ಲಿ ಬಾರದ ಸಂಗತಿಗಳು ಇವು.

ನನ್ನನ್ನು ಯಾರೂ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಮನೆ ಮೇಲೆ, ಅಂಗಡಿ ಕೆಳಗೆ. ಚಹಾ ಕೊಡಲು ಇಳಿದವಳು ಅಲ್ಲೇ ಉಳಿದೆ. ನಮ್ಮದು ಮಾರಾಟದ ಅಂಗಡಿ ಎಂದು ಬೋರ್ಡಿನಲ್ಲಿದೆ, ಆದರೆ ಮಾರುವುದಕ್ಕಿಂತ ಕಾಯುವ ಕೆಲಸವೇ ಅಲ್ಲಿ ಹೆಚ್ಚು. ಲೈಸೆನ್ಸಿನವನು ತೀರಿಕೊಂಡರೆ ಮನೆಯವರು ಬಂದೂಕನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಪೊಲೀಸ್ ಠಾಣೆಗೆ ಕೊಡಬೇಕು, ಇಲ್ಲವೇ ನಮ್ಮಂಥ ಅಂಗಡಿಯಲ್ಲಿ ಠೇವಣಿ ಇಡಬೇಕು. ಠಾಣೆಯ ಮೆಟ್ಟಿಲು ಹತ್ತಲು ಹೆಂಗಸರಿಗೆ ಮನಸ್ಸು ಬರುವುದಿಲ್ಲ. ನಮ್ಮಲ್ಲಿಗೆ ಬರುತ್ತಿದ್ದರು. ಬಂದವರು ಗಂಡಸರ ಮುಂದೆ ಬಾಯಿ ಬಿಡುತ್ತಿರಲಿಲ್ಲ, ನಂಬರು ಹೇಳಿ ಸುಮ್ಮನೆ ಕೂರುತ್ತಿದ್ದರು. ಮಾವನವರು ಒಮ್ಮೆ, "ಚಾ ಕೊಟ್ಟು ಓಡಬ್ಯಾಡ, ಆಕೀ ಹತ್ರ ಒಂದೀಟು ಕೂಡು" ಎಂದರು. ಅಂದಿನಿಂದ ಅದೇ ನನ್ನ ಕೆಲಸವಾಯಿತು.

ಒಬ್ಬ ಪಾರ್ಸಿ ಮುದುಕಿ ಗಂಡನ ಬೇಟೆಯ ಬಂದೂಕನ್ನು ಮಂಚದ ಚಾದರದಲ್ಲಿ ಸುತ್ತಿ, ಟ್ಯಾಕ್ಸಿಯಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ತಂದಿದ್ದಳು. ರಸೀದಿ ಕೊಟ್ಟರೂ ಏಳಲಿಲ್ಲ. ಕೊನೆಗೆ ನನ್ನ ಕೈ ಹಿಡಿದು, "ಬಾಯಿ, ಇಸ್ಕೂ ದೀವಾರ್ ಕೀ ಬಾಜೂ ಮತ್ ರಖೋ. ಮೇರೇ ಸೋರಾಬ್ ಕೂ ಖಿಡಕೀ ಮಂಗತಾ ಥಾ" ಎಂದಳು. ಗೋಡೆ ಬದಿ ಇಡಬೇಡಿ, ಗಂಡನಿಗೆ ಕಿಟಕಿ ಬೇಕಿತ್ತು ಎಂದು. ಬಂದೂಕು ಇಡುವ ಒಳಕೋಣೆಗೆ ಕಿಟಕಿಯೇ ಇಲ್ಲ, ಇರಲೂಬಾರದು. ಮಾವನವರು ಎದ್ದು ಒಳಗೆ ಹೋಗಿ, ಗಾಳಿ ಬರಲೆಂದು ಸೂರಿನ ಹತ್ತಿರ ಬಿಟ್ಟಿದ್ದ ಜಾಲರಿಯ ಕೆಳಗಿನ ಜಾಗ ಖಾಲಿ ಮಾಡಿಸಿ ಅದನ್ನು ಅಲ್ಲಿ ನಿಲ್ಲಿಸಿದರು. ಮುದುಕಿಯನ್ನು ಕರೆದು ತೋರಿಸಿದರು. ಆಕೆ ತಲೆಯಾಡಿಸಿ ಹೋದಳು. ಮತ್ತೆ ಬರಲಿಲ್ಲ. ಆ ಬಂದೂಕು ಇವತ್ತಿಗೂ ಅಲ್ಲೇ ಇದೆ, ತೆಗೆಯಬೇಡ.

ವರ್ಷಕ್ಕೊಮ್ಮೆ, ದಸರೆಗೆ, ಖಂಡೆ ಪೂಜೆ, ಅಂದರೆ ಆಯುಧಪೂಜೆ. ಅಂದು ಠೇವಣಿಯ ಬಂದೂಕುಗಳನ್ನೆಲ್ಲ ಹೊರಗೆ ತೆಗೆದು, ಎಣ್ಣೆ ಒರೆಸಿ, ಜಮಖಾನೆಯ ಮೇಲೆ ಸಾಲಾಗಿ ಮಲಗಿಸಿ, ಚೆಂಡುಹೂ ಇಡುತ್ತೇವೆ. ಯಾರ ಬಂದೂಕು ನಮ್ಮಲ್ಲಿದೆಯೋ ಅವರು ಬಂದು ತಮ್ಮದನ್ನು ಒಮ್ಮೆ ಮುಟ್ಟಿ, ಕುಂಕುಮವಿಟ್ಟು, ಪ್ರಸಾದ ತಿಂದು ಹೋಗುತ್ತಾರೆ. ಸತ್ತವರ ಬಂದೂಕಿಗೆ ಅವರ ಹೆಂಡಂದಿರು ಬರುತ್ತಾರೆ. ಮಾವನವರು ಹಾಕಿದ ಪದ್ಧತಿ ಇದು. ಆ ದಿನ ಅಂಗಡಿಯಲ್ಲಿ ಯಾರಿಗೂ "ಇಲ್ಲ" ಎನ್ನಬಾರದು ಎಂಬುದೂ ಅವರದೇ ಪದ್ಧತಿ.

ಮೊದಲ ವರ್ಷ ನಾನು ಭಕ್ತಿಯಿಂದ ಒಂದೊಂದು ನಳಿಕೆಗೂ ಅರಿಶಿನ ಕುಂಕುಮ ನೀರಿನಲ್ಲಿ ಕಲಸಿ ಹಚ್ಚಿದೆ. ಮುಂಬಯಿಯ ಹವೆ ಗೊತ್ತಲ್ಲ. ವಾರದೊಳಗೆ ಹಚ್ಚಿದಲ್ಲೆಲ್ಲ ತುಕ್ಕಿನ ಬೊಟ್ಟು. ನಮ್ಮ ಯೂಸುಫ್ ಮಿಸ್ತ್ರಿ, ರಿಪೇರಿಯೆಲ್ಲ ಅವರದೇ ಕೈ, ತಲೆ ಮೇಲೆ ಕೈ ಹೊತ್ತು ಕೂತರು. "ಭಾಭೀ, ಆಪ್ ಕಾ ಭಗವಾನ್ ಖುಶ್, ಮೇರಾ ಲೋಹಾ ಬೀಮಾರ್! ಕುಂಕುಮ್ ಲಕಡೀ ಪೇ ಲಗಾವ್, ಲೋಹೇ ಪೇ ನಹೀ." ಅಂದಿನಿಂದ ಕುಂಕುಮ ಹಿಡಿಕೆಯ ಕಟ್ಟಿಗೆಗೆ ಮಾತ್ರ. ಕಬ್ಬಿಣಕ್ಕೆ ಯಾರಾದರೂ ಹಚ್ಚಲು ಹೋದರೆ ನಾನೇ ಕೈ ಹಿಡಿದು ತಡೆಯುತ್ತಿದ್ದೆ. ನೀನೂ ತಡೆಯಬೇಕು.

ಇನ್ನು ಪಿನ್ನಿನ ಮಾತು. ಬಂದೂಕಿನ ಒಳಗೆ ಒಂದು ಸಣ್ಣ ಮೊಳೆಯಂಥ ಪಿನ್ನು ಇರುತ್ತದೆ. ಕುದುರೆ ಎಳೆದಾಗ ಅದು ಹೋಗಿ ಕಾಡತೂಸಿನ ಬೆನ್ನಿಗೆ ಹೊಡೆದರೇನೇ ಗುಂಡು ಹಾರುವುದು. ಪಿನ್ನು ತೆಗೆದರೆ ಬಂದೂಕು ಬರೀ ಪೈಪು. ಊರಿನಲ್ಲಿ ಗಲಾಟೆ ನಡೆದ ಒಂದು ಕಾಲದಲ್ಲಿ ಜನ ನಮ್ಮ ಶಟರಿಗೆ ಗುದ್ದಿ ಹೋಗಿದ್ದರು. ಶಿವನ ದಯೆ, ಮುರಿಯಲಿಲ್ಲ. ಮರುದಿನವೇ ಮಾವನವರು ಠೇವಣಿಯ ಬಂದೂಕುಗಳ ಪಿನ್ನುಗಳನ್ನೆಲ್ಲ ಬಿಚ್ಚಿಸಿ, ಒಂದೊಂದನ್ನೂ ನಂಬರಿನ ಚೀಟಿಯೊಡನೆ ಬಟ್ಟೆಯಲ್ಲಿ ಕಟ್ಟಿ, ಮೇಲಿನ ಮನೆಗೆ ತಂದು ಅತ್ತೆಯವರ ಕೈಗೆ ಕೊಟ್ಟರು. ಅತ್ತೆಯವರು ತಮ್ಮ ಹಳೆಯ ಮಸಾಲೆ ಡಬ್ಬಿಯಲ್ಲಿ ತುಂಬಿ ದೇವರ ಗೂಡಿನಲ್ಲಿಟ್ಟರು. "ಒಂದಿನ ಸಾರಿನ ಒಗ್ಗರಣಿಗೆ ಬೀಳ್ತಾವ ನೋಡ್ರಿ, ಉಂಡವರೆಲ್ಲಾ ಢಂ ಅಂತಾರ" ಎಂದು ಮಾವನವರನ್ನು ಕಾಡುತ್ತಿದ್ದರು. ಬಂದೂಕು ಹಿಂದಕ್ಕೆ ಕೊಡುವ ದಿನ ಪಿನ್ನು ಕೆಳಗಿಳಿಸಿ, ಮಿಸ್ತ್ರಿ ಕೂರಿಸಿ, ಆಮೇಲೆ ಕೊಡುವುದು. ಅತ್ತೆಯವರ ನಂತರ ಆ ಡಬ್ಬಿ ನನ್ನ ಕೈಗೆ ಬಂತು.

ಕೊಡುವ ಮೊದಲು ಚಹಾ. ಇದೂ ಪದ್ಧತಿಯೇ. ಹೊಸ ಬಂದೂಕೇ ಇರಲಿ, ಠೇವಣಿಯದೇ ಇರಲಿ, ಕೂರಿಸಿ ಚಹಾ ಕುಡಿಸದೆ ಮಾವನವರು ಯಾರ ಕೈಗೂ ಕೊಡುತ್ತಿರಲಿಲ್ಲ. ಒಬ್ಬ ಬಿಲ್ಡರನ ಮಗ ಕಪ್ಪು ಕನ್ನಡಕ ತೆಗೆಯದೆ ಬಂದು, "ಅಂಕಲ್, ಜಲ್ದೀ, ಬಾಹರ್ ಗಾಡೀ ಖಡೀ ಹೈ" ಎಂದ. ಮಾವನವರು, "ಬಂದೂಕ್ ಕೋ ಜಲ್ದೀ ನಹೀ ಹೋತೀ, ಬೇಟಾ. ಚಾಯ್ ಪೀ" ಎಂದರು. ಅವನು ಅರ್ಧ ಕುಡಿದು ಕಪ್ಪನ್ನು ಕುಕ್ಕಿದ. ಮಾವನವರು ಮಿಸ್ತ್ರಿಯತ್ತ ನೋಡಿದರು. ಮಿಸ್ತ್ರಿ ಒಳಗಿನಿಂದ, "ಸ್ಪ್ರಿಂಗ್ ಮೇ ಗಡ್‌ಬಡ್ ಹೈ, ಅಗಲೇ ಹಫ್ತೇ" ಎಂದು ಕೂಗಿದರು. ಅವನು ಬೇರೆ ಅಂಗಡಿಗೆ ಹೋದ. ಹೋಗಲಿ ಬಿಡು ಎಂದರು ಮಾವನವರು.

ಈಗ ಎಲ್ಲ ಬದಲಾಗಿದೆ. ಬ್ಯಾಂಕುಗಳಿಗೆ ಏಜೆನ್ಸಿಯವರು ಜನ ಕಳಿಸುತ್ತಾರೆ, ಬಾಗಿಲಲ್ಲಿ ಕ್ಯಾಮೆರಾ ನಿಂತಿದೆ. ಮೊದಲು ಫೌಜಿನಿಂದ ನಿವೃತ್ತರಾದವರು ತಮ್ಮ ಹೆಸರಿನ ಲೈಸೆನ್ಸು ಮಾಡಿಸಿ, ತಮ್ಮದೇ ಬಂದೂಕು ಕೊಂಡು ಬ್ಯಾಂಕಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಂದೂಕಿದ್ದವನು ಗನ್‌ಮ್ಯಾನ್, ಇಲ್ಲದವನು ಬರೀ ವಾಚ್‌ಮನ್. ಆ ಎರಡರ ನಡುವಿನ ಅಂತರ ಎಷ್ಟು ಎಂದು ನಾನು ತಿಳಿದುಕೊಂಡದ್ದು ಸಿದ್ರಾಮಪ್ಪ ಹವಾಲ್ದಾರರಿಂದ. ನಿನಗೆ ಹೇಳಬೇಕಾದದ್ದು ಮುಖ್ಯವಾಗಿ ಅವರ ಸಂಗತಿಯೇ.

ಹವಾಲ್ದಾರರು ಬೈಲಹೊಂಗಲದ ಕಡೆಯವರು. ವಿಕ್ರೋಳಿಯ ಒಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿದ್ದರು, ಅಲ್ಲೇ ಚಾಳಿನಲ್ಲಿ ಮನೆ. ಸಿಂಗಲ್ ಬ್ಯಾರಲ್ ಬಂದೂಕನ್ನು ನಮ್ಮಲ್ಲೇ ಕೊಂಡಿದ್ದರು. ಅಂಗಡಿಯಲ್ಲಿ ಕನ್ನಡ ಮಾತಾಡಬಹುದಲ್ಲ ಎಂದು ಕೆಲಸವಿಲ್ಲದಿದ್ದರೂ ಬರುತ್ತಿದ್ದರು. ಅವರ ಒಬ್ಬನೇ ಮಗ ಮಲ್ಲು, ಕಾಲೇಜಿಗೆ ಹೋಗುವಾಗ ಲೋಕಲ್ ರೈಲಿನ ಬಾಗಿಲಲ್ಲಿ ನಿಂತಿದ್ದವನು, ಬಿದ್ದು ಹೋದ.

ಅದಾದ ಮಳೆಗಾಲದಲ್ಲಿ ಹವಾಲ್ದಾರರು ಹೆಂಡತಿ ನೀಲವ್ವನ ಜೊತೆ ಬಂದರು. ಬಂದೂಕು ಠೇವಣಿಗೆ. ಅವರು ಸಹಿ ಮಾಡುತ್ತಿದ್ದಾಗ ನೀಲವ್ವ ನನ್ನನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡಳು.

"ಅಕ್ಕಾರ, ದಿನಾ ಡ್ಯೂಟಿಯಿಂದ ಬಂದು ಅದನ್ನ ತೊಡಿ ಮ್ಯಾಲ ಇಟ್ಟಕೊಂಡು ಕುಂದರ್ತಾರ್ರಿ. ಒರಸ್ತಾರ, ಒರಸ್ತಾರ. ಮಾತಿಲ್ಲ, ಕತಿ ಇಲ್ಲ. ಮಳಿಗಾಲದಾಗ ಜಂಗು ಹಿಡೀತೈತಿ, ಅಂಗಡ್ಯಾಗ ಇಡೂಣು ಅಂತ ಹೇಳಿ ಕರಕೊಂಡ ಬಂದೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ತಿರುಗಿ ಕೊಡಬ್ಯಾಡ್ರಿ."

"ಅವರ ವಸ್ತು, ನೀಲವ್ವ. ಲೈಸೆನ್ಸ್ ಅವರ ಹೆಸರಿನಾಗ ಅದ. ಕೊಡೂದಿಲ್ಲ ಅನ್ನಲಿಕ್ಕೆ ನಾವ್ಯಾರು?"

"ಕೊಡೂದಿಲ್ಲ ಅನಬ್ಯಾಡ್ರಿ. ಇವತ್ತ ಬ್ಯಾಡ, ನಾಳೆ ಅನ್ರಿ. ದಿನಾ ನಾಳೆ ಅನ್ರಿ."

ಮಗನನ್ನು ಕಳೆದುಕೊಂಡವಳಿಗೆ ಗಂಡನನ್ನೂ ಕಳೆದುಕೊಳ್ಳುವ ಭಯ. ನಾನು ಹೂಂ ಎಂದೆ.

ಮಳೆಗಾಲ ಮುಗಿಯುವ ಮುಂಚೆಯೇ ಹವಾಲ್ದಾರರು ಬಂದೂಕು ಕೇಳಲು ಬಂದರು. ಚಹಾ ಕೊಟ್ಟೆ. ಅವರು ಚಹಾ ಕುಡಿಯುವುದನ್ನು ಮಾವನವರು ನೋಡಿದರು. ಹವಾಲ್ದಾರರು ಕಪ್ಪನ್ನು ಪೂರ್ತಿ ಕುಡಿದರು, ಆದರೆ ಯಾರೋ ಕುಡಿಸಿದ ಹಾಗೆ ಕುಡಿದರು. ಮಾವನವರು ಮಿಸ್ತ್ರಿಯತ್ತ ತಿರುಗಿದರು. ಸ್ಪ್ರಿಂಗಿನ ನೆಪ ಬಂತು. ಮುಂದಿನ ವಾರವೂ ಸ್ಪ್ರಿಂಗ್, ಅದರ ಮುಂದಿನ ವಾರ ಕುದುರೆ ಸವೆದದ್ದು.

"ಹವಾಲ್ದಾರ್ ಸಾಬ್, ಮಾಲ್ ಬಾಹರ್ ಸೇ ಆತಾ ಹೈ."

"ಕಹಾಂ ಸೇ ಆತಾ ಹೈ, ಮಿಸ್ತ್ರಿ? ಚಾಂದ್ ಸೇ?"

ಚಂದ್ರನಿಂದ ಬರುವ ಸಾಮಾನು ಎಂದು ಎಲ್ಲರೂ ನಕ್ಕೆವು. ಹವಾಲ್ದಾರರೂ ನಕ್ಕರು. ಆದರೆ ಅವರ ಅಂಗಿ ವಾರದಿಂದ ವಾರಕ್ಕೆ ಸಡಿಲವಾಗುತ್ತಿತ್ತು. ಬಂದೂಕಿಲ್ಲದ್ದರಿಂದ ಬ್ಯಾಂಕಿನವರು ಅವರ ಕೈಗೆ ಕೋಲು ಕೊಟ್ಟು ಹೊರಗಿನ ಗೇಟಿಗೆ ಹಾಕಿದ್ದರು. ಒಂದು ದಿನ ನನ್ನೊಡನೆ ಹೇಳಿದರು: "ಗನ್ ಇದ್ದಾಗ ಮ್ಯಾನೇಜರ್ ಜೈ ಹಿಂದ್ ಅಂತಿದ್ದರ್ರಿ ಅಕ್ಕಾರ. ಈಗ ಕಾಕಾ, ಆ ಸ್ಕೂಟರ್ ಸರಿಸು ಅಂತಾರ. ಸರಸ್ತೀನಿ. ಮಲ್ಲೂನ ವಯಸ್ಸಿನ ಹುಡುಗೂರ ಸ್ಕೂಟರ್ ಇರ್ತಾವ."

ನಾನು ಮೇಲೆ ಹೋಗಿ ದೇವರ ಗೂಡಿನ ಮುಂದೆ ಕೂತೆ. ಬಂದೂಕು ಕೊಟ್ಟರೆ ಆ ಮನುಷ್ಯನ ಜೀವಕ್ಕೆ ಅಪಾಯ. ಕೊಡದಿದ್ದರೆ ಜೀವ ಇದ್ದೂ ಇಲ್ಲದ ಹಾಗೆ. ನನ್ನಂಥ ಅಡುಗೆಮನೆಯ ಹೆಂಗಸು ಇದನ್ನು ಹೇಗೆ ತೂಗಬೇಕು ಶಿವನೇ ಎಂದು ಕೇಳಿದೆ.

ಆ ವರ್ಷದ ಖಂಡೆ ಪೂಜೆ ಬಂತು. ಯೂಸುಫ್ ಮಿಸ್ತ್ರಿ ಮಗಳ ಹೆರಿಗೆಗೆಂದು ಊರಿಗೆ ಹೋಗಿದ್ದರು. ನಾನು ಮೇಲೆ ಹೋಳಿಗೆ ಬೇಯಿಸುತ್ತಿದ್ದೆ, ಕೆಳಗೆ ನಮ್ಮ ಯಜಮಾನರೊಬ್ಬರೇ ಜನ ನೋಡಿಕೊಳ್ಳುತ್ತಿದ್ದರು. ತಟ್ಟೆ ಹಿಡಿದು ಇಳಿದು ಬಂದು ನೋಡಿದರೆ ಜಮಖಾನೆಯ ಮೇಲಿನ ಸಾಲಿನಲ್ಲಿ ಒಂದು ಜಾಗ ಖಾಲಿ. ಅಲ್ಲಿ ಚೆಂಡುಹೂವೊಂದು ಉಳಿದಿತ್ತು.

"ಹವಾಲ್ದಾರರು ಬಂದಿದ್ದರು" ಎಂದರು ನಮ್ಮವರು, ನನ್ನ ಮುಖ ನೋಡದೆ. "ಯೂನಿಫಾರ್ಮ್ ಇಸ್ತ್ರಿ ಮಾಡಿ ಹಾಕ್ಕೊಂಡು ಬಂದಿದ್ದರು. ಕುಂಕುಮ ಹಚ್ಚಿದ್ರು, ಎತ್ತಿಕೊಂಡ್ರು, ಕೆಳಗ ಇಡಲಿಲ್ಲ. ಲೈಸೆನ್ಸ್ ಐತಿ, ಗನ್ ಐತಿ, ನಾ ಅದೀನಿ, ಇನ್ನೇನ ಬೇಕ್ರಿ ಸಾಹೇಬ್ರ, ಅಂದ್ರು. ಇವತ್ತ ಇಲ್ಲ ಅನ್ನಬಾರದಲ್ಲ. ಬರೆದು ಕೊಟ್ಟೆ."

ನಾನು ತಟ್ಟೆಯನ್ನು ಅಲ್ಲೇ ಕೆಳಗಿಟ್ಟೆ. ಅಷ್ಟರಲ್ಲಿ ನಮ್ಮವರೇ ಹಣೆ ಬಡಿದುಕೊಂಡರು. "ಅಯ್ಯ, ಪಿನ್ನು! ಪಿನ್ ಹಾಕದ ಗನ್ ಕೊಟ್ಟು ಕಳಿಸಿದ್ನಲ್ಲಾ! ಅಂಗಡಿ ಮಾನ ಹೋತು."

ಪೂಜೆಗೆ ಇಟ್ಟ ಬಂದೂಕುಗಳಲ್ಲಿ ಪಿನ್ನು ಇರುವುದಿಲ್ಲ. ಆ ದಿನ ಯಾರೂ ಒಯ್ಯುವುದಿಲ್ಲವಾದ್ದರಿಂದ ಅದು ಯಾರ ನೆನಪಿಗೂ ಬಾರದು. ನಮ್ಮವರು ಅಂಗಡಿಯ ಮಾನಕ್ಕೆ ಮರುಗಿದರು. ನಾನು ಮೆಟ್ಟಿಲು ಹತ್ತಿ ಓಡಿದೆ, ಡಬ್ಬಿ ತೆಗೆದೆ. ಅವರ ನಂಬರಿನ ಗಂಟು ಅಲ್ಲೇ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಅತ್ತುಬಿಟ್ಟೆ.

ಮಾವನವರಿಗೆ ಆಗ ವಯಸ್ಸಾಗಿತ್ತು, ಆ ದಿನ ಹಬ್ಬದ ಗದ್ದಲಕ್ಕೆ ಕೆಳಗಿಳಿದಿರಲಿಲ್ಲ. ಎಲ್ಲ ಕೇಳಿ, "ಪಿನ್ನು ಅವರದು. ನಾವು ಇಟಗೊಳ್ಳೂ ಹಂಗಿಲ್ಲ. ನೀ ಹೋಗಿ ಕೊಟ್ಟು ಬಾ. ಗಂಡಸರು ಹೋದ್ರ ಜಗಳ ಆಗ್ತದ" ಎಂದರು. ನಾನು ಸೆರಗು ಹೊದ್ದು ಬಾಗಿಲಿಗೆ ಬಂದಾಗ ಹಿಂದಿನಿಂದ ಮತ್ತೆ ಹೇಳಿದರು: "ನೋಡಿ ಕೊಡು."

ಪಿನ್ನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬೈಕುಲ್ಲಾದಿಂದ ಲೋಕಲ್ ಹಿಡಿದೆ. ಲೇಡೀಸ್ ಡಬ್ಬಿಯಲ್ಲಿ ಹೆಂಗಸರು ದಸರೆಗೆ ಹೂ ಕಟ್ಟುತ್ತ ಕೂತಿದ್ದರು. ದಾರಿಯುದ್ದಕ್ಕೂ ನನಗೆ ಒಂದೇ ಭಯ. ಪಿನ್ನು ಇಲ್ಲವೆಂದು ಅವರಿಗೆ ಇಷ್ಟರಲ್ಲಿ ತಿಳಿದಿರುತ್ತದೆ. ಬೇಕೆಂದೇ ತೆಗೆದು ಮೋಸ ಮಾಡಿದರು ಎಂದು ತಿಳಿದು, ಆ ಸಿಟ್ಟಿನಲ್ಲಿ, ಆ ಅವಮಾನದಲ್ಲಿ ಏನಾದರೂ ಮಾಡಿಕೊಂಡರೆ?

ಚಾಳಿನ ಬಾಗಿಲು ತೆರೆದಿತ್ತು. ಹವಾಲ್ದಾರರು ನೆಲದ ಮೇಲೆ ಹಳೆಯ ಪೇಪರ್ ಹಾಸಿ, ಬಂದೂಕನ್ನು ಮಡಿಚಿ ಬಿಚ್ಚಿ, ಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದರು. ನೀಲವ್ವ ಮೂಲೆಯಲ್ಲಿ, ಮಲ್ಲುವಿನ ಫೋಟೋದ ಕೆಳಗೆ, ಕಣ್ಣು ಕೀಳದೆ ಅವರನ್ನೇ ನೋಡುತ್ತ ಕೂತಿದ್ದಳು. ನನ್ನನ್ನು ಕಂಡು ಅವಳ ಮುಖ ಕಪ್ಪಾಯಿತು. ಕೊಟ್ಟೇಬಿಟ್ಟಿರಲ್ಲ ಎನ್ನುವ ಹಾಗೆ.

ಹವಾಲ್ದಾರರು ತಲೆ ಎತ್ತಿ ನನ್ನ ಮುಖ ನೋಡಿದರು, ಸೆರಗಿನ ಗಂಟು ನೋಡಿದರು. ಅವರಿಗೆ ಎಲ್ಲ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು. ಅವರು ಬಂದೂಕನ್ನು ಜೋಡಿಸಿ ಮೊಳೆಗೆ ತೂಗುಹಾಕಿ, "ಏ ಇಕಿ, ಅಕ್ಕಾರು ಹಬ್ಬದ ದಿನಾ ಬಂದಾರ. ಚಾ ಇಡು" ಎಂದರು.

ಈ ಸಲ ಚಹಾ ಕುಡಿಯುವವಳು ನಾನು, ನೋಡುವವರು ಅವರು. ಪಿನ್ನಿನ ಮಾತೇ ಎತ್ತಲಿಲ್ಲ. ಹೊರಟಾಗ ಸ್ಟೇಷನ್ನಿನವರೆಗೆ ಬಿಟ್ಟು ಬರುತ್ತೇನೆಂದು ಎದ್ದರು. ಪ್ಲ್ಯಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ ಮೇಲೆ ನಾನು ಗಂಟು ಬಿಚ್ಚಲು ಹೋದೆ.

"ಬ್ಯಾಡ್ರಿ" ಎಂದರು. "ಅದು ನಿಮ್ಮಲ್ಲೇ ಇರಲಿ."

"ನಾವು ಬೇಕಂತ ತೆಗದದ್ದಲ್ರಿ, ಹವಾಲ್ದಾರ್ರ. ಠೇವಣಿದು ಎಲ್ಲಾ ಹಂಗ ಇಡ್ತೀವಿ."

"ಗೊತ್ತೈತ್ರಿ. ನನಗ ಸ್ಪ್ರಿಂಗೂ ಗೊತ್ತಿತ್ತು, ಚಂದ್ರಾನೂ ಗೊತ್ತಿತ್ತು." ಸ್ವಲ್ಪ ನಕ್ಕರು. "ಮನಿಗಿ ತಂದು ಬಿಚ್ಚಿ ನೋಡಿದೆ. ಪಿನ್ ಇಲ್ಲ. ಮೊದಲ ಸಿಟ್ಟು ಬಂತು. ಆಮ್ಯಾಲ ಯಾಕೋ ಎದಿ ಹಗರಾತು. ಅದು ಇದ್ದಿದ್ರ ನಾ ಏನ್ ಮಾಡ್ತಿದ್ದೆ, ನನಗಽ ಗೊತ್ತಿಲ್ಲ, ಅಕ್ಕಾರ. ಖರೇ ಹೇಳ್ತೀನಿ."

ಒಂದು ಫಾಸ್ಟ್ ಗಾಡಿ ನಿಲ್ಲದೆ ಹಾದುಹೋಯಿತು. ಅದು ಪೂರ್ತಿ ಹೋಗುವವರೆಗೆ ಅವರು ಕಣ್ಣು ಮುಚ್ಚಿ ಕೂತರು.

"ಬ್ಯಾಂಕಿಗೆ ಯಾರಾದ್ರೂ ನುಗ್ಗಿದ್ರ ಏನ್ರಿ ಮಾಡೋದು?" ಎಂದೆ.

"ಮುಂದ ನಿಂದರ್ತೀನ್ರಿ. ನಿಂದರಾಕ ಪಿನ್ ಬೇಕಾಗಂಗಿಲ್ಲ."

"ನೀಲವ್ವಗ ಹೇಳ್ತೀನಿ, ಆಕೀಗೆ ಸಮಾಧಾನ ಆಗ್ತದ."

"ಅದೊಂದು ಮಾಡಬ್ಯಾಡ್ರಿ." ಮೊದಲ ಸಲ ಅವರ ಧ್ವನಿ ಗಟ್ಟಿಯಾಯಿತು. "ಮಲ್ಲು ಹ್ವಾದ ಮ್ಯಾಲ ಆಕಿ ಹಾಸಿಗಿ ಹಿಡಿದಿದ್ದಳ್ರಿ. ನಾ ಈ ಗನ್ ಹಿಡಕೊಂಡು ಕುಂತದ್ದು ನೋಡಿ ಎದ್ದಳು. ನನ್ನ ಕಾಯಾಕ ಎದ್ದಳು. ಆಕೀಗೆ ಕಾಯಾಕ ಈಗ ನಾನೊಬ್ಬ ಉಳದೀನಿ. ಅದನ್ನೂ ಕಸಗೊಂಡ್ರ ಮತ್ತ ಮಕ್ಕೊಂಡು ಬಿಡ್ತಾಳ. ನಾ ಇರೂತನಕ ಹೇಳಬ್ಯಾಡ್ರಿ."

ನನ್ನ ಗಾಡಿ ಬಂತು. ಪಿನ್ನು ಸೆರಗಿನಲ್ಲೇ ಬೈಕುಲ್ಲಾಕ್ಕೆ ಮರಳಿತು. ಮಾವನವರಿಗೆ ಎಲ್ಲ ಹೇಳಿದೆ. "ಡಬ್ಬ್ಯಾಗ ಇಡು" ಎಂದರು, ಅಷ್ಟೇ. ನಾನು, ಮಾವನವರು, ನಮ್ಮವರು ಬಿಟ್ಟರೆ ಮತ್ತೊಬ್ಬರಿಗೆ ಇದು ತಿಳಿಯಲಿಲ್ಲ.

ಸ್ವರೂಪಾ, ನೀನೂ ಹೀಗೆ ಮಾಡು ಎಂದು ನಾನು ಹೇಳುತ್ತಿಲ್ಲ. ಬ್ಯಾಂಕಿನವರ ಕಡೆಯಿಂದ ನೋಡಿದರೆ ಇದು ಸರಿಯಲ್ಲ, ಕಾಯಿದೆಯ ಕಡೆಯಿಂದಲೂ ಸರಿಯಲ್ಲವೇನೋ. ಪೇಪರಿನಲ್ಲಿ ಎಲ್ಲಾದರೂ ಬ್ಯಾಂಕ್ ದರೋಡೆಯ ಸುದ್ದಿ ಕಂಡರೆ ಮೊದಲು ಊರಿನ ಹೆಸರು ಹುಡುಕುತ್ತಿದ್ದೆ. ಸೋಮವಾರದ ಉಪವಾಸವನ್ನು ಆ ಬ್ಯಾಂಕಿನ ಬಾಗಿಲಿಗೆಂದೇ ಹಿಡಿದೆ. ಅಲ್ಲಿಗೆ ಯಾರೂ ನುಗ್ಗಲಿಲ್ಲ. ನಾನು ದೇವರಲ್ಲಿ ದೊಡ್ಡದೇನನ್ನೂ ಕೇಳಿದವಳಲ್ಲ, ಕೇಳಿದ ಇದೊಂದನ್ನು ಕೊಟ್ಟ.

ಹವಾಲ್ದಾರರು ಮತ್ತೆ ಒಳಬಾಗಿಲಿಗೆ ಬಂದರು. ಮ್ಯಾನೇಜರು ಮತ್ತೆ ಜೈ ಹಿಂದ್ ಎಂದರು. ಕಾಡತೂಸು ಲೈಸೆನ್ಸಿನ ಪ್ರಕಾರ ನಮ್ಮಲ್ಲೇ ಕೊಂಡರು, ಆದರೆ ಅವು ಇರುತ್ತಿದ್ದದ್ದು ನೀಲವ್ವನ ಜೋಳದ ಡಬ್ಬಿಯಲ್ಲಿ. ಬೆಳಿಗ್ಗೆ ಊಟದ ಡಬ್ಬಿಯ ಜೊತೆ ಎರಡು ಕಾಡತೂಸು ಎಣಿಸಿ ಕೊಡುವಳು, ಸಂಜೆ ಅವರು ಚಪ್ಪಲಿ ಬಿಡುವ ಮೊದಲು ಕೈ ಒಡ್ಡಿ ಎರಡನ್ನೂ ಹಿಂದಕ್ಕೆ ತೆಗೆದುಕೊಳ್ಳುವಳು. ಇದನ್ನು ನನಗೆ ಹೇಳಿದವಳು ಅವಳೇ. "ಎಣಿಸೇ ತಗೋತೀನ್ರಿ ಅಕ್ಕಾರ, ನಾ ಬಿಡಂಗಿಲ್ಲ" ಎನ್ನುತ್ತಿದ್ದಳು. ನಿದ್ದೆ ಸರಿಯಾಗಿ ಮಾಡುತ್ತಿರಲಿಲ್ಲ, ಕಣ್ಣ ಸುತ್ತ ಕಪ್ಪಿಟ್ಟಿತ್ತು. ಆದರೆ ಎದ್ದು ಓಡಾಡುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಪಕ್ಕದ ಮನೆಯವಳೊಡನೆ ನಲ್ಲಿಯ ನೀರಿಗೆ ಜಗಳವಾಡುತ್ತಿದ್ದಳು. ಅವಳ ಕಣ್ಣು ನೋಡಿದಾಗಲೆಲ್ಲ ಹೇಳಿಬಿಡೋಣ ಎನ್ನಿಸುತ್ತಿತ್ತು. ಅವಳ ಜಗಳದ ಸುದ್ದಿ ಕೇಳಿದಾಗ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಮಾವನವರು ಹೋದರು. ನಮ್ಮವರೂ ಹೋದರು. ಬಂದೂಕಿನ ಮನೆಯಲ್ಲಿ ಇಬ್ಬರೂ ನಿದ್ದೆಯಲ್ಲೇ ಹೋದರು, ಅದು ಶಿವ ಕೊಟ್ಟದ್ದು. ಆಮೇಲೊಂದು ಚಳಿಗಾಲದ ಮಧ್ಯಾಹ್ನ ನೀಲವ್ವ ಒಬ್ಬಳೇ ಟ್ಯಾಕ್ಸಿಯಿಂದ ಇಳಿದಳು. ಹವಾಲ್ದಾರರ ಖಾಕಿ ಅಂಗಿಯಲ್ಲಿ ಬಂದೂಕು ಸುತ್ತಿಕೊಂಡಿದ್ದಳು. ಲಿವರಿನ ಕಾಯಿಲೆ, ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ನನ್ನ ಎದುರು ಕೂತು, ಅಳದೆ, ಹೆಮ್ಮೆಯಂಥದ್ದೇನೋ ಇದ್ದ ಧ್ವನಿಯಲ್ಲಿ ಹೇಳಿದಳು: "ಹಾಸಿಗಿ ಮ್ಯಾಲ ಹ್ವಾದರ್ರಿ ಅಕ್ಕಾರ. ನನ್ನ ಕೈ ಹಿಡಕೊಂಡಽ ಹ್ವಾದರು. ಇದು ಅವರನ್ನ ಒಯ್ಯಲಿಲ್ಲ. ನಾ ಒಯ್ಯಾಕ ಬಿಡಲಿಲ್ಲ."

ಯೂಸುಫ್ ಮಿಸ್ತ್ರಿ ಎಂದಿನಂತೆ ಠೇವಣಿಯ ಬಂದೂಕಿನ ಪಿನ್ನು ತೆಗೆಯಲು ಬಿಚ್ಚಿದರು. ಬೆಳಕಿಗೆ ಹಿಡಿದರು, ತಿರುಗಿಸಿ ನೋಡಿದರು. "ಭಾಭೀ, ಇಸ್ಮೇ ತೋ ಪಿನ್ ಹೀ ನಹೀ ಹೈ."

ಮುಂಬಯಿಯಲ್ಲಿ ಅಷ್ಟು ವರ್ಷ ಇದ್ದ ನೀಲವ್ವನಿಗೆ, ಪಿನ್ನೇ ಇಲ್ಲ ಎಂದದ್ದು ತಿಳಿಯುವಷ್ಟು ಹಿಂದಿ ಬರುತ್ತಿತ್ತು. ಅವಳು ಮಿಸ್ತ್ರಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ನಾನು ಮೇಲೆ ಹೋದೆ. ಡಬ್ಬಿಯಿಂದ ಗಂಟು ತೆಗೆದು, ಇಳಿದು ಬಂದು, ಬಿಚ್ಚಿ, ಅವಳ ಅಂಗೈಯಲ್ಲಿಟ್ಟೆ. ಖಂಡೆ ಪೂಜೆಯ ದಿನದಿಂದ ಹಿಡಿದು ಪ್ಲ್ಯಾಟ್‌ಫಾರ್ಮಿನ ಮಾತಿನವರೆಗೆ ಎಲ್ಲ ಹೇಳಿದೆ. ಹೇಳಿ ಮುಗಿಸಿದ ಮೇಲೂ ಅವಳು ಅಂಗೈಯನ್ನೇ ನೋಡುತ್ತಿದ್ದಳು.

"ಇಷ್ಟಽ ಏನ್ರಿ ಇದು?" ಎಂದಳು.

"ಇಷ್ಟೇ."

"ಅವರಿಗೆ ಗೊತ್ತಿತ್ತು?"

"ಮೊದಲ ದಿನದಿಂದ ಗೊತ್ತಿತ್ತು."

ಅಂಗಡಿಯ ಫ್ಯಾನು ತಿರುಗುತ್ತಿತ್ತು. ಮಿಸ್ತ್ರಿ ಸದ್ದಿಲ್ಲದೆ ಎದ್ದು ಹೊರಗೆ ಹೋಗಿ ನಿಂತರು. ನೀಲವ್ವ ನನ್ನತ್ತ ಮುಖ ಎತ್ತಿದಳು. ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ, ಎರಡೂ ಇರಬೇಕು.

"ಹಂಗಾರ ನಾ ದಿನಾ ಯಾಕ್ರಿ ಎಣಿಸಿ ಕೊಟ್ಟೆ? ರಾತ್ರಿಯೆಲ್ಲಾ ಯಾಕ್ರಿ ಕಣ್ಣು ಬಿಟಗೊಂಡು ಕುಂತೆ?"

ಎಷ್ಟೋ ವಿಧವೆಯರ ಪಕ್ಕ ಕೂತವಳು ನಾನು. ಗೊತ್ತಿದ್ದದ್ದನ್ನೇ ಹೇಳಿದೆ.

"ಅವರು ದಿನಾ ಸಂಜಿಗೆ ಮನಿಗೆ ಬಂದು ತಿರುಗಿ ಕೊಡಲಿ ಅಂತ, ನೀಲವ್ವ."

ಅವಳು ಮುಷ್ಟಿ ಮುಚ್ಚಿ, ಮುಷ್ಟಿಯ ಮೇಲೆ ಹಣೆಯಿಟ್ಟು ಅತ್ತಳು. ಮಗ ಹೋದಾಗ, ಗಂಡ ಹೋದಾಗ ಕಟ್ಟಿಕೊಂಡಿದ್ದದ್ದೆಲ್ಲ ಹರಿದ ಹಾಗೆ ಅತ್ತಳು. ನಾನು ಪಕ್ಕದಲ್ಲಿ ಕೂತಿದ್ದೆ. ಆಮೇಲೆ ಚಹಾ ತರಿಸಿದೆ, ಕುಡಿದಳು.

ಆ ಬಂದೂಕು ನಮ್ಮಲ್ಲೇ ಇದೆ, ಬಾಗಿಲಿನಿಂದ ಎಡಗಡೆಯ ಸಾಲಿನಲ್ಲಿ. ಸಿಂಗಲ್ ಬ್ಯಾರಲ್ ಈಗ ಯಾರೂ ಕೊಳ್ಳುವುದಿಲ್ಲ, ಯಾರಾದರೂ ಕೇಳಿದರೂ ಸ್ಪ್ರಿಂಗ್ ಸರಿಯಿಲ್ಲ ಎನ್ನು. ನೀಲವ್ವ ಪ್ರತಿ ಖಂಡೆ ಪೂಜೆಗೆ ವಿಕ್ರೋಳಿಯಿಂದ ಬರುತ್ತಾಳೆ, ಈ ವರ್ಷವೂ ಬರುತ್ತಾಳೆ. ಅವಳಿಗೆ ಸಕ್ಕರೆ ಕಾಯಿಲೆ, ಚಹಾಕ್ಕೆ ಸಕ್ಕರೆ ಹಾಕಬೇಡ. ಬಂದೂಕಿನ ಕಟ್ಟಿಗೆಗೆ ಕುಂಕುಮ ಹಚ್ಚಿದ ಮೇಲೆ ಅವಳು ಕೈ ಒಡ್ಡುತ್ತಾಳೆ. ಆಗ ನೀನು ಮೇಲೆ ಹೋಗಿ, ದೇವರ ಗೂಡಿನಲ್ಲಿರುವ ಡಬ್ಬಿಯಿಂದ ಅವರ ಗಂಟು ತಂದು, ಬಿಚ್ಚಿ, ಅವಳ ಅಂಗೈಯಲ್ಲಿಡಬೇಕು. ಆ ಪಿನ್ನಿಗೂ ಅವಳು ಕುಂಕುಮ ಹಚ್ಚುತ್ತಾಳೆ, ನೀರಿನಲ್ಲಿ ಕಲಸಿ, ತುಂಬ. ಈಗಾಗಲೇ ಅದು ಅರ್ಧ ತುಕ್ಕು ಹಿಡಿದಿದೆ. ಕಬ್ಬಿಣಕ್ಕೆ ಹಚ್ಚಬಾರದು ಎಂದು ನಾನು ಅವಳಿಗೆ ಇಷ್ಟು ವರ್ಷ ಹೇಳಲಿಲ್ಲ. ನೀನೂ ಹೇಳಬೇಡ.